ಫಕೀರವ್ವನ ಮನೆಯ ಚಳಿ

ಈಗ ಯಾರನ್ನೇ ಕೇಳಿ, ಫಕೀರವ್ವ ಹೋಗಲಿ ಅಂತ ಮೊದಲಿಂದಲೂ ನಮ್ಮ ಆಸೆಯಿತ್ತು ಅನ್ನುತ್ತಾರೆ. ಸುಳ್ಳು. ಒಬ್ಬರಿಗೂ ಇರಲಿಲ್ಲ. ಪಂಚಾಯ್ತಿ ಚೇರ್ಮನ್ ಅಡಿವೆಪ್ಪನಿಗೆ ಇರಲಿಲ್ಲ, ದಮಯಂತಿ ಡಾಕ್ಟರಿಗೆ ಇರಲಿಲ್ಲ, ಹಾಲಿನವರಿಗೆ, ಹೂವಿನವರಿಗೆ ಇರಲಿಲ್ಲ. ಇನ್ನೂ ಒಬ್ಬನಿಗೆ ಇರಲಿಲ್ಲ, ಅವನ ಹೆಸರು ಆಮೇಲೆ ಹೇಳುತ್ತೇನೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅರಳೆ ಹಿಂಜಿ ಗಾದಿ ಹೊಲಿಯೋದು ನನ್ನ ಕಸುಬು, ಬರೆಯೋದಲ್ಲ. ಆದರೆ ಮೊನ್ನೆ ಅಡಿವೆಪ್ಪ ಬಸ್ಸು ನಿಲ್ಲುವಲ್ಲಿ ಒಂದು ಕಲ್ಲು ನೆಡಿಸಿ, ಅದರ ಮೇಲೆ ‘ಊರೇ ಹರಸಿ ಕಳಿಸಿದ ಮಗಳು ಫಕೀರವ್ವ’ ಅಂತ ಕೆತ್ತಿಸಿದ್ದಾನೆ. ಅದನ್ನು ಓದಿದ ದಿನದಿಂದ ನನಗೆ ರೊಟ್ಟಿ ಇಳಿಯುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಪರಸ್ಥಳಕ್ಕೆ ಹೋಗುವವರು ಬಾಗಿಲ ಹಿಂಬದಿಗೆ ಸೀಮೆಸುಣ್ಣದಲ್ಲಿ ಪಟ್ಟಿ ಬರೆಯುತ್ತಾರೆ. ಎಲ್ಲಿಗೆ, ಯಾವತ್ತು, ಯಾವ ಬಸ್ಸು, ಎಲ್ಲಿ ಇಳಿಯೋದು, ಯಾರ ಮನೆಯಲ್ಲಿ ಉಣ್ಣೋದು, ಏನೇನು ಹೊತ್ತುಕೊಂಡು ಹೋಗೋದು. ಪಟ್ಟಿ ಖಚಿತವಾದ ಹಾಗೆಲ್ಲ ಆ ಜಾಗದ ಹವೆ ಮನೆಯೊಳಗೆ ಬರುತ್ತದೆ. ಹತ್ತಿರದ ಊರಿಗೆ ಹೋಗುವವರಿಗೆ ಇದರಿಂದ ಏನೂ ತ್ರಾಸಿಲ್ಲ, ಅಲ್ಲೂ ಇದೇ ಬಿಸಿಲು. ಸಮುದ್ರದ ಕಡೆ ಬೀಗರ ಮನೆಗೆ ಹೊರಟವರು ಮಾತ್ರ ಹಪ್ಪಳದ ಡಬ್ಬಿಯನ್ನು ಮೊದಲೇ ಪಕ್ಕದ ಮನೆಗೆ ಕೊಟ್ಟಿರುತ್ತಾರೆ, ಮೆತ್ತಗಾಗುತ್ತವೆ ಅಂತ. ಮಳೆ ಸೀಮೆಗೆ ಮದುವೆಗೆ ಹೊರಟ ಅಕ್ಕಸಾಲಿಗರ ಮನೆಯಲ್ಲಿ ಒಂದು ವಾರ ಕೊಡೆ ಹಿಡಿದು ಒಲೆ ಹೊತ್ತಿಸಿದ್ದರು. ಹೊರಟ ದಿನ ಹವೆ ಅವರ ಬೆನ್ನಿಗೇ ಹೋಗಿಬಿಡುತ್ತದೆ. ಸುಳ್ಳು ಪಟ್ಟಿಗೆ ಏನೂ ಬರುವುದಿಲ್ಲ. ಬೇಸಿಗೆಯಲ್ಲಿ ತಂಪೂರಿನ ಹೆಸರು ಬರೆದು ಕೂತವರು ಬೆವರುತ್ತಲೇ ಕೂತಿದ್ದಾರೆ. ಯಾರು ಬರೀ ಬಾಯಲ್ಲಿ ಹೋಗುವವರು, ಯಾರು ಕಾಲಲ್ಲಿ ಹೋಗುವವರು ಅನ್ನೋದನ್ನು ನಮ್ಮೂರಲ್ಲಿ ಮುಚ್ಚಿಡಲು ಆಗುವುದಿಲ್ಲ.

ನಾನು ನಾಲ್ಕು ಸಲ ಬರೆದಿದ್ದೆ. ನಾಲ್ಕು ಸಲವೂ ನಮ್ಮ ಬಾಗಿಲು ಬರೀ ಬಾಗಿಲಾಗಿಯೇ ಇತ್ತು. ಓಣಿಯವರು ಬರೋರು, ಹೊಸ್ತಿಲ ಮೇಲೆ ಗಾಳಿಗೆ ಅಂಗೈ ಒಡ್ಡಿ ನಿಲ್ಲೋರು, “ಏನೂ ಬಂದಿಲ್ಲಲೋ ದಾವಲಾ” ಅಂತ ನಕ್ಕು ಹೋಗೋರು.

ಫಕೀರವ್ವ ಐಸ್ ಫ್ಯಾಕ್ಟರಿಯವಳು. ಹನ್ನೆರಡನೇ ವಯಸ್ಸಿಗೆ ಸೇರಿ ನಲವತ್ತಾರು ವರ್ಷ ಬರ್ಫ ಎಳೆದವಳು. ಉಪ್ಪುನೀರಿನ ತೊಟ್ಟಿಯಿಂದ ತಗಡಿನ ಡಬ್ಬಿ ಎತ್ತಬೇಕು, ಮಗುಚಬೇಕು, ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ಕಟ್ಟಿಗೆ ಹೊಟ್ಟಿನಲ್ಲಿ ಹೂತು ಗಾಡಿಗೆ ಏರಿಸಬೇಕು. ಆ ಕೆಲಸದಲ್ಲಿ ಅವಳ ಬಲಗೈಯ ಎರಡು ಬೆರಳ ತುದಿ ಸತ್ತಿವೆ, ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಗಂಡ ಸತ್ತು ಬಹಳ ವರ್ಷ ಆಯಿತು, ಮಕ್ಕಳಿಲ್ಲ. ಪಾಪ ಅನ್ನಬೇಡಿ. ಪಾಪ ಅನ್ನಿಸಿಕೊಳ್ಳುವ ಹೆಂಗಸಲ್ಲ ಅವಳು.

ನಾನು ಶಾಲೆ ಬಿಟ್ಟ ದಿನ ಮಾಸ್ತರು ನನ್ನ ಕೈ ಮೇಲೆ ರೂಲುಕಟ್ಟಿಗೆ ಮುರಿದಿದ್ದರು. ನಾನು ಆ ಮುರಿದ ತುಂಡನ್ನು ಅವರ ಮುಖಕ್ಕೇ ಎಸೆದು ಬಂದಿದ್ದೆ. ಊದಿದ ಕೈ ಹಿಡಿದುಕೊಂಡು ಫ್ಯಾಕ್ಟರಿ ಗೋಡೆಯ ನೆರಳಲ್ಲಿ ಕೂತಿದ್ದಾಗ ಫಕೀರವ್ವ ಹೊರಗೆ ಬಂದಳು. ಯಾಕೆ ಅಂತ ಕೇಳಲಿಲ್ಲ, ಯಾರು ಅಂತ ಕೇಳಲಿಲ್ಲ. ಒಂದು ತುಂಡು ಬರ್ಫವನ್ನು ಗೋಣಿಯಲ್ಲಿ ಸುತ್ತಿ ಕೈ ಮೇಲೆ ಇಟ್ಟು, “ತಣ್ಣಗನಿಸಿದಾಗ ತಗೀಬ್ಯಾಡ. ಸುಡಾಕ ಹತ್ತಿದ ಮ್ಯಾಲ ತಗಿ” ಅಂದು ಒಳಗೆ ಹೋದಳು. ಊರಲ್ಲಿ ಎಲ್ಲರೂ ನನಗೆ ಬುದ್ಧಿ ಹೇಳಿದ್ದಾರೆ. ಕೆಲಸಕ್ಕೆ ಬಂದ ಮಾತು ಅದೊಂದೇ.

ಫ್ಯಾಕ್ಟರಿಯ ಹಳೇ ಮಷಿನ್ನಿಗೆ ಒಂದು ಹಿತ್ತಾಳೆ ತಗಡು ಬಡಿದಿತ್ತು. ಅದರಲ್ಲಿ ಒಂದು ಬಿಳಿ ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಕರಡಿ, ಕೆಳಗೆ ಒಂದು ಊರಿನ ಹೆಸರು. ನಲವತ್ತಾರು ವರ್ಷ ದಿನಾ ಮುಂಜಾನೆ ಅದನ್ನು ಒರೆಸಿದವಳು ಅವಳೇ. ಭೂಮಿಯ ನೆತ್ತಿಯ ಹತ್ತಿರ ಒಂದು ದ್ವೀಪ ಇದೆ, ಅದರ ಕೊನೆಯ ಊರು ಇದು, ಅಲ್ಲಿ ಬರ್ಫಕ್ಕೆ ಮೋಟರು ಬೇಕಿಲ್ಲ ಅಂತ ಮಷಿನ್ ರಿಪೇರಿಗೆ ಬಂದಿದ್ದವನೊಬ್ಬ ಎಂದೋ ಹೇಳಿದ್ದನಂತೆ. ಆ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳಲಿಲ್ಲ. ನಾವು ತುದಿಯೂರು ಅಂದೆವು. ಈ ಸಂಕ್ರಾಂತಿಗೆ ಫಕೀರವ್ವ ಕೆಲಸ ಬಿಟ್ಟಳು. ಮಾರನೇ ದಿನ ಬಾಗಿಲ ಮೇಲೆ ಆ ಹೆಸರು ಬರೆದಳು.

ದುಡ್ಡು ಎಲ್ಲಿಂದ ಬಂತು ಅಂತ ಕೇಳಬೇಡಿ. ಗಂಡಸು ಹೊರಟಿದ್ದರೆ ಕೇಳುತ್ತಿದ್ದಿರಾ?

“ಬರ್ಫ ನೋಡಿದ್ದು ಸಾಕಾಗಲಿಲ್ಲೇನು ದೊಡವ್ವಾ?” ಅಂತ ನಾನು ಕೇಳಿದೆ.

“ನಾ ನೋಡಿದ್ದೆಲ್ಲಾ ಕರಗಾಕ ಹೊಂಟ ಬರ್ಫ” ಅಂದಳು. “ಡಬ್ಬಿ ಬಿಟ್ಟ ಗಳಿಗಿಂದ ಸಾಯಾಕ ಹತ್ತಿರ್ತೈತಿ. ಓಡು, ಓಡು, ಗೋಣಿ ತಾ, ಹೊಟ್ಟು ತಾ. ನಲವತ್ತಾರು ವರ್ಷ ಬರೇ ಓಡೀನಿ. ತನ್ನಷ್ಟಕ್ಕ ತಾ ಇರೂ ಬರ್ಫದ ಮ್ಯಾಲ ಒಮ್ಮೆ ನಿಲ್ಲಬೇಕು. ಅವಸರ ಇಲ್ಲದ.”

ಮೊದಲ ದಿನ ಅವಳ ಹೊಸ್ತಿಲು ನೀರಿನ ಗಡಿಗೆಯ ಕೆಳಗಿನ ನೆಲದಷ್ಟು ತಣ್ಣಗಾಯಿತು. ಅಷ್ಟೇ. ಓಣಿಯವರು ಬಂದು ಅಂಗೈ ಒಡ್ಡಿ, “ಬಂದೈತಿ, ಖರೇ ಬಂದೈತಿ” ಅಂತ ಮುಖ ಮುಖ ನೋಡಿಕೊಂಡರು. ಆಮೇಲಿನದ್ದು ಅವಳ ಕೆಲಸ. ನಾನು ಬಹಳ ಕೆಲಸಗಾರರನ್ನು ನೋಡಿದ್ದೇನೆ, ಹಾಗೆ ಕೆಲಸ ಮಾಡಿದವರನ್ನು ನೋಡಿಲ್ಲ. ತುದಿಯೂರಲ್ಲಿ ಕೋಣೆ ಬಾಡಿಗೆಗೆ ಕೊಡುವ ಒಬ್ಬ ಹೆಣ್ಣುಮಗಳ ವಿಳಾಸ ಹುಡುಕಿಸಿದಳು. ದಮಯಂತಿ ಡಾಕ್ಟರ ಕೈಯಲ್ಲಿ ಅವಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಸಿದಳು, ಬಂದ ಉತ್ತರವನ್ನು ಡಾಕ್ಟರೇ ಓದಿ ಹೇಳುತ್ತಿದ್ದರು. ಒಂದೊಂದು ಕಾಗದಕ್ಕೆ ಒಂದೊಂದು ಸಾಲು ಬಾಗಿಲು ಏರಿತು. ಮೂರು ವಿಮಾನ, ಕೊನೆಯದು ಸಣ್ಣದು. ಗಿಡಮರ ಇಲ್ಲ. ಮನೆಯೊಳಗೆ ಹೋಗುವಾಗ ಬೂಟು ಹೊರಗೆ ಬಿಡಬೇಕು, ನಮ್ಮ ಹಾಗೇ. ಊರ ಗಡಿ ದಾಟಿದರೆ ಬಂದೂಕಿನವರ ಜೊತೆಗೇ ಹೋಗಬೇಕು, ಕರಡಿ ಇವೆ. ಖಡಕ್ ರೊಟ್ಟಿ ಎಪ್ಪತ್ತು, ಶೇಂಗಾ ಚಟ್ನಿ ಎರಡು ಡಬ್ಬಿ. ಬಿದ್ದು ಸತ್ತರೆ ಯಾರಿಗೆ ತಿಳಿಸಬೇಕು ಅಂತ ಆ ಹೆಣ್ಣುಮಗಳು ಕೇಳಿದ್ದಳು. ಫಕೀರವ್ವ ಬರೆಸಿದ ಉತ್ತರ: “ಅಲ್ಲೇ ಇಡ್ರಿ. ಕೆಡೂದಿಲ್ಲ.” ಡಾಕ್ಟರು ಅದನ್ನು ಬರೆಯುತ್ತಾ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು.

ಮಧ್ಯಾಹ್ನದ ಬಿಸಿಲಲ್ಲಿ ಊರೆಲ್ಲ ಮಲಗಿರುವಾಗ ಅವಳು ಫ್ಯಾಕ್ಟರಿಯ ಬರ್ಫದ ಕೋಣೆಗೆ ಹೋಗಿ ಬೆನ್ನಿಗೆ ಗೋಣಿ ಹೊತ್ತು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಮೊದಲು ಅರ್ಧ ತಾಸು, ಆಮೇಲೆ ಒಂದು ತಾಸು, ಆಮೇಲೆ ಎರಡು. ದಪ್ಪ ಕೈಗವಸು ಹಾಕಿಕೊಂಡು ಶೇಂಗಾ ಸುಲಿಯುತ್ತಿದ್ದಳು. “ಕೈಗವಸಿನ್ಯಾಗ ಶೇಂಗಾ ಸುಲಿಯಾಕ ಬಂತಂದ್ರ ಗುಂಡಿ ಹಾಕಾಕ ಬರ್ತೈತಿ, ಗುಂಡಿ ಹಾಕಾಕ ಬಂತಂದ್ರ ಸಾಯೂದಿಲ್ಲ” ಅನ್ನುತ್ತಿದ್ದಳು. ಮೊದಮೊದಲು ಸಿಪ್ಪೆ, ಕಾಳು, ಎಲ್ಲಾ ಪುಡಿ. ಶಿವರಾತ್ರಿಯ ಹೊತ್ತಿಗೆ ಒಂದು ಕಾಳೂ ಒಡೆಯದೆ ಬುಟ್ಟಿ ತುಂಬುತ್ತಿತ್ತು. ಅವಳ ಮನೆಯ ಗಡಿಗೆಯ ನೀರು ಆಗಲೇ ತಳದವರೆಗೆ ಗಟ್ಟಿಯಾಗಿತ್ತು. ಗೋಡೆಗೆ ಬಿಳಿ ಹರಳು ಕಟ್ಟಿದ್ದವು. ಒಳಗಿನ ಕೋಣೆಯಲ್ಲಿ, ಬೀಸುವಾಗ ಹಿಟ್ಟು ಹಾರಿದ ಹಾಗೆ, ಏನೋ ಸಣ್ಣಗೆ ಸುರಿಯುತ್ತಿತ್ತು.

ಹೊರಗೆ ಕಾಗೆಗಳು ಬಾಯಿ ತೆರೆದು ಕೂರುವ ಬಿಸಿಲು. ಊರು ಸುಮ್ಮನಿರುತ್ತದೆಯೇ? ಮೊದಲು ಹಾಲಿನವರು ಬಂದರು, ಒಡೆಯುತ್ತದೆ ಅಂತ. ಆಮೇಲೆ ಮಲ್ಲಿಗೆಯವರು ಬುಟ್ಟಿ ತಂದರು. ಡಾಕ್ಟರು ಮಕ್ಕಳ ಚುಚ್ಚುಮದ್ದಿನ ಪೆಟ್ಟಿಗೆ ತಂದಿಟ್ಟರು. ಕುಂಬಾರ ಓಣಿಯ ಮುದುಕರೊಬ್ಬರು ತೀರಿಕೊಂಡಾಗ ಮಗಳು ದೂರದಿಂದ ಬರುವ ತನಕ ಮೂರು ದಿನ ಅವರನ್ನು ಅಲ್ಲೇ ಮಲಗಿಸಿದ್ದರು. ಆ ಮೂರು ದಿನ ಫಕೀರವ್ವ ಅವರ ತಲೆದೆಸೆಗೆ ದೀಪ ಇಟ್ಟಳು, ದೀಪ ಚಳಿಗೆ ಆರಿದಾಗೆಲ್ಲ ಎದ್ದು ಮತ್ತೆ ಹಚ್ಚಿದಳು. ಬಾಗಿಲ ಪಕ್ಕದ ಗೂಟಕ್ಕೆ ಹಳೆಯ ಕಂಬಳಿಗಳು ಬಂದವು. ಬಂದವರು ಒಂದನ್ನು ಹೊದ್ದು ಒಳಗೆ ಹೋಗಬೇಕು, ಹೊರಗೆ ಬರುವಾಗ ಗೂಟಕ್ಕೆ ಹಾಕಬೇಕು. ಅಡಿವೆಪ್ಪ ಪಡಸಾಲೆಯಲ್ಲಿ ಒಂದು ಬೆಂಚು ಹಾಕಿಸಿ ಅದರ ಮೇಲೆ ತನ್ನ ಹೆಸರು ಬರೆಸಿದ. ಆಕೆ ಯಾರಿಗೂ ಇಲ್ಲ ಅನ್ನಲಿಲ್ಲ. “ಬರ್ಫ ಇರೂದ ಮಂದಿಗೆ” ಅಂದಳು.

ನಮ್ಮವ್ವ ಮಾಬವ್ವನೂ ಅಲ್ಲಿಗೆ ಹೋಗತೊಡಗಿದಳು. ಮೂವತ್ತು ವರ್ಷ ನಮ್ಮಪ್ಪ ಹಿಂಜುವ ಬಿಲ್ಲಿನ ಎದುರು ಕೂತು ಅರಳೆ ಆಯ್ದವಳು ಅವಳು. ಅರಳೆಯ ಧೂಳೆಲ್ಲ ಎದೆಯಲ್ಲಿ ಕೂತಿದೆ. ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ಉಸಿರು ಹೆಕ್ಕಬೇಕು, ಬೇಸಿಗೆಯಲ್ಲಂತೂ ರಾತ್ರಿಯೆಲ್ಲ ಕೂತೇ ಇರುತ್ತಾಳೆ. ಫಕೀರವ್ವನ ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತರೆ ಆ ಗಾಳಿ ಧೂಳಿಲ್ಲದ್ದು, ಒದ್ದೆಯಿಲ್ಲದ್ದು. ಅವಳ ಎದೆಯ ಸೀಟಿ ನಿಲ್ಲುತ್ತಿತ್ತು.

ಫಕೀರವ್ವ ಕೋಟು ಹೊಲಿಯಲು ಹೇಳಿದ್ದು ನನಗೆ. ಒಳಗೆ ಒಳ್ಳೇ ಅರಳೆ ತುಂಬಿ ಕೌದಿಯ ಹಾಗೆ ಹೊಲಿಯುತ್ತೇನೆ ಅಂದೆ. ತುದಿಯೂರಿನ ಹೆಣ್ಣುಮಗಳು ಅರಳೆ ಬೇಡವೇ ಬೇಡ, ಒದ್ದೆಯಾದರೆ ಆರುವುದಿಲ್ಲ, ಉಣ್ಣೆಯೇ ಆಗಬೇಕು ಅಂತ ಬರೆದಳು. “ಅರಳಿ ಬ್ಯಾಡನ್ನಾಕ ಆಕಿ ಯಾರು?” ಅಂತ ನಾನು ಎರಡು ದಿನ ಕೂಗಾಡಿದೆ. ಮೂರನೇ ದಿನ ಕುರುಬರ ಹಟ್ಟಿಗೆ ಹೋಗಿ ಕರಿ ಉಣ್ಣೆ ತಂದೆ. ಅಪ್ಪನ ಬಿಲ್ಲಲ್ಲಿ ಉಣ್ಣೆ ಹಿಂಜುವುದನ್ನು ಕಲಿಯಲು ಹತ್ತು ದಿನ ಹಿಡಿಯಿತು. ಕೋಟಿನ ಹೊರಗಡೆಗೆ ಲಾರಿಯ ತಾಡಪಾಲು, ಒಳಗಡೆಗೆ ಅವಳದೇ ಹಳೇ ಇಳಕಲ್ ಸೀರೆ.

ನನ್ನ ಪಟ್ಟಿಯ ಮಾತು ಅವಳು ಎತ್ತಿದ್ದು ಅಳತೆ ಕೊಡಲು ಬಂದಾಗ. “ನೀ ನಾಲ್ಕು ಸಲ ಬರದೀ ಅಲ್ಲ, ಏನ ಬರದಿದ್ದಿ?”

“ಈ ಊರು ಬಿಟ್ಟು ಹೋಗ್ತೀನಿ ಅಂತ.”

“ಅದು ಎಲ್ಲಿ ಐತಿ?”

“ಯಾವುದು?”

“ಈ ಊರು ಬಿಟ್ಟು ಅನ್ನೂದು. ಅಲ್ಲಿ ಬಿಸಲೋ, ಮಳಿಯೋ? ಪಾಪ, ಹವಾಕ್ಕರ ಗೊತ್ತಾಗಬೇಕಲ್ಲೋ, ಎಲ್ಲಿಂದ ಬರಬೇಕಂತ.”

ನಾನು ಟೇಪನ್ನು ಅವಳ ಭುಜಕ್ಕೆ ಜೋರಾಗಿ ಎಳೆದೆ. ಅವಳು ನಕ್ಕಳು.

ಹೊರಡುವ ದಿನ ಏಪ್ರಿಲ್ ಕೊನೆಯ ಸೋಮವಾರ. ಅದಕ್ಕಿಂತ ತಡವಾದರೆ ಆಗುವುದಿಲ್ಲ, ಅಲ್ಲಿ ಕರಗುವ ಕಾಲ ಶುರುವಾಗುತ್ತದೆ. ದಿನ ಬಾಗಿಲ ಮೇಲೆ ಬಿದ್ದ ಕೂಡಲೇ ಊರಿಗೆ ಒಂದು ವಿಷಯ ಹೊಳೆಯಿತು. ಆಕೆ ಹೋದ ದಿನವೇ ಚಳಿಯೂ ಹೋಗುತ್ತದೆ, ನಡುಬೇಸಿಗೆಯಲ್ಲಿ. ಅಲ್ಲಿಂದ ಎಲ್ಲರಿಗೂ ಫಕೀರವ್ವನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಊರ ಕಚೇರಿಯಲ್ಲಿ ಅವಳ ದಾಖಲೆಗೆ ಒತ್ತಬೇಕಾದ ಶಿಕ್ಕೆ ಕಳೆದುಹೋಯಿತು. ಪಂಚಾಂಗ ನೋಡುವವರಿಗೆ ಶ್ರಾವಣದ ತನಕ ಒಳ್ಳೆಯ ದಿನವೇ ಕಾಣಲಿಲ್ಲ. ಹೆಂಗಸರು ಬಂದು ಅವಳ ಕೈ ಹಿಡಿದು ಅತ್ತರು. ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಅಳುವವರಿಗೆ ಏನು ಮಾಡೋದು?

ಒಂದು ದಿನ ಪಡಸಾಲೆಯಲ್ಲಿ ಎಲ್ಲರೂ ಕಂಬಳಿ ಹೊದ್ದು ಕೂತಿದ್ದಾಗ ಅಡಿವೆಪ್ಪ ಮಾತು ತೆಗೆದ. “ಯವ್ವಾ ಫಕೀರವ್ವಾ, ಹೋಗಬ್ಯಾಡ ಅಂತ ನಾ ಯಾಕ ಅನ್ಲಿ? ಹೋಗು. ಈ ಬ್ಯಾಸಗಿ ಒಂದು ಮುಗೀಲಿ.”

“ಬ್ಯಾಸಗಿ ಮುಗಿಯೂದ್ರಾಗ ಅಲ್ಲಿ ಕರಗಾಕ ಹತ್ತತೈತ್ರಿ ಚೇರ್ಮನ್ನರ. ಕರಗೂ ಬರ್ಫ ನೋಡಾಕ ಮೂರು ವಿಮಾನ ಹತ್ತಬೇಕೇನು?”

“ಹಂಗಾರ ಮುಂದಿನ ವರ್ಷ?”

“ಮುಂದಿನ ವರ್ಷ ನನಗ ಐವತ್ತೊಂಬತ್ತು. ಅದರ ಮುಂದಿನ ವರ್ಷ ಅರವತ್ತು. ನಿಮ್ಮ ಹಾಲು ಮಾತ್ರ ದಿನಾ ಹೊಸಾದು.”

ನನಗೆ ತಡೆಯಲಿಲ್ಲ. “ಹಾಲಿನ ಕ್ಯಾನು ಇಡಾಕ ಇದೇನು ನಿಮ್ಮಪ್ಪನ ಮನೀ ಏನ್ರೀ?” ಅಂತ ಎದ್ದು ಅವನ ಹೆಸರಿದ್ದ ಬೆಂಚಿಗೆ ಒದ್ದೆ. ಚಳಿಗೆ ಪೆಡಸಾಗಿದ್ದ ಬೆಂಚಿನ ಕಾಲು ಲಟಕ್ಕನೆ ಮುರಿಯಿತು.

“ಏಯ್ ದಾವಲಾ” ಅಂದ ಅಡಿವೆಪ್ಪ, ನೆಲದ ಮೇಲಿಂದಲೇ. “ನಿನ್ನ ಬಾಗಿಲಾಗ ಒಂದು ಬೀಸಣಿಗಿ ಗಾಳಿ ಸೈತ ಬಂದಿಲ್ಲ. ನೀ ಬಾಯಿ ಮುಚ್ಚು.”

ಎಲ್ಲರೂ ನಕ್ಕರು. ಬಾಯಿಂದ ಹೊಗೆ ಬಂತು.

ಅದೇ ವಾರ ಗೊತ್ತಾಯಿತು, ತುದಿಯೂರಿನಿಂದ ಬಂದ ಕಾಗದ ಹನ್ನೊಂದು ದಿನದಿಂದ ದಮಯಂತಿ ಡಾಕ್ಟರ ಮೇಜಿನ ಖಾನೆಯಲ್ಲಿತ್ತು. ಬರುವ ದಿನ ಖಚಿತಪಡಿಸದಿದ್ದರೆ ಕೋಣೆ ಬೇರೆಯವರಿಗೆ ಕೊಡುತ್ತೇನೆ ಅಂತ ಅದರಲ್ಲಿತ್ತು. ನಾನು ದವಾಖಾನೆಗೆ ನುಗ್ಗಿ ಬಾಯಿಗೆ ಬಂದದ್ದು ಅಂದೆ. ಡಾಕ್ಟರು ತಿರುಗಿ ಬೈಯಲಿಲ್ಲ. “ಕರೆಂಟು ದಿನಕ್ಕ ಆರು ತಾಸು ಇರ್ತದ ದಾವಲ. ಆ ಮದ್ದು ಕೆಟ್ಟರ ಕೂಸುಗಳಿಗೆ ಏನು ಕೊಡ್ಲಿ?” ಅಂದರು. ಆಮೇಲೆ ತಾವೇ ಕೂತು ಉತ್ತರ ಬರೆದರು, ಸೋಮವಾರ ಹೊರಟೇ ಹೊರಡುತ್ತಾಳೆ ಅಂತ. ಶಿಕ್ಕೆಯೂ ಸಿಕ್ಕಿತು, ಗುಮಾಸ್ತನ ಅಂಗಿಯ ಕಿಸೆಯಲ್ಲೇ ಇತ್ತು. ನಾನು ಕಿಸೆಗೆ ಕೈ ಹಾಕಿ ತೆಗೆದೆ. ಆಗ ನನಗೆ ನನ್ನ ಮೇಲೆ ಬಹಳ ಅಭಿಮಾನ ಇತ್ತು. ಊರಿಗೆಲ್ಲ ನಾನೊಬ್ಬನೇ ಸಾಚಾ ಅನ್ನೋ ಹಾಗೆ ಎದೆ ಉಬ್ಬಿಸಿ ತಿರುಗಿದೆ.

ಶನಿವಾರ ಮುಂಜಾನೆ ಫಕೀರವ್ವ ಅಂಗಡಿಗೆ ಬಂದಳು. “ಕೋಟು ಆತೇನೋ?”

“ಸೋಮವಾರ ಕೊಡ್ತೀನಿ ದೊಡವ್ವಾ.”

“ಸೋಮವಾರ ನಾ ಬಸ್ಸಿನ್ಯಾಗ ಇರ್ತೀನಿ.”

ಅವಳು ಕೋಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಸತ್ತ ಬೆರಳು ಬಿಟ್ಟು ಹೆಬ್ಬೆರಳಿನಿಂದ ಬಗಲಿನ ಹೊಲಿಗೆ ಸವರಿದಳು. ಒಮ್ಮೆ ಸವರಿದಳು, ಮತ್ತೊಮ್ಮೆ ಸವರಿದಳು. ತಾಡಪಾಲಿನ ಮೇಲೆ ಸೂಜಿ ಬಿದ್ದರೆ ತೂತು ಮುಚ್ಚುವುದಿಲ್ಲ. “ಒಂದ ಹೊಲಿಗಿಗೆ ಮೂರು ಸಾಲು ತೂತು ಅದಾವಲ್ಲೋ” ಅಂದಳು.

ಉಣ್ಣೆ ಗಂಟುಗಟ್ಟಿತ್ತು, ಬಿಚ್ಚಿ ಹೊಲಿದೆ ಅಂದೆ. ನಾನೂ ಹಾಗೇ ನಂಬಿದ್ದೆ. ಹಗಲಲ್ಲಿ ಹೊಲಿಯುತ್ತಿದ್ದೆ, ಮಾರನೇ ದಿನ ನೋಡಿ ಇದು ಸರಿಯಿಲ್ಲ ಅನ್ನುತ್ತಿದ್ದೆ, ಬಿಚ್ಚುತ್ತಿದ್ದೆ. ಮೂರು ಸಲ. ಒಂದು ಗಾದಿಯ ಹೊಲಿಗೆಯನ್ನು ಜನ್ಮದಲ್ಲಿ ಬಿಚ್ಚಿದವನಲ್ಲ ನಾನು.

ಅವಳು ಕೋಟು ಮಡಿಚಿ ನನ್ನ ಮುಂದಿಟ್ಟು ಎದ್ದಳು. ಬಾಗಿಲ ಹತ್ತಿರ ನಿಂತು, “ಮಾಬವ್ವ ನಿನ್ನೆ ನಮ್ಮ ಪಡಸಾಲಿಯೊಳಗ ಹಾಡಿದ್ಲು. ನಿನಗ ಕೇಳಿಸ್ತೇನು?” ಅಂತ ಕೇಳಿ ಹೋದಳು. ಬೈಯಲೂ ಇಲ್ಲ.

ಕೇಳಿಸಿತ್ತು. ಅಂಗಡಿಯಿಂದ ಅವಳ ಪಡಸಾಲೆಗೆ ಮೂರೇ ಮನೆ. ಒಂಬತ್ತು ವರ್ಷದಿಂದ ನಮ್ಮವ್ವನಿಗೆ ಹಾಡುವಷ್ಟು ಉಸಿರಿರಲಿಲ್ಲ. ನಾನು ಸೂಜಿ ಕೈಯಲ್ಲಿ ಹಿಡಿದು ಹಾಡು ಮುಗಿಯುವ ತನಕ ಕೇಳಿದ್ದೆ, ಆಮೇಲೆ ಬಗಲಿನ ಹೊಲಿಗೆ ಬಿಚ್ಚಿದ್ದೆ. ಮೊದಲು ಹೇಳಿದೆನಲ್ಲ, ಇನ್ನೂ ಒಬ್ಬನಿಗೆ ಇಷ್ಟವಿರಲಿಲ್ಲ ಅಂತ. ಅವನ ಹೆಸರು ದಾವಲಸಾಬ.

ಅವ್ವ ಬಂದಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ಹೇಳಿದೆ, ಎಲ್ಲಾ ಹೇಳಿದೆ. ಅವಳು ಉಸಿರು ಹೆಕ್ಕಿ ಹೆಕ್ಕಿ ಮಾತಾಡಿದಳು. “ಊರ ಮಂದಿ ಹಾಲಿಗೆ ಅಂತ ಆಕೀನ ಕಟ್ಟಾಕ ನೋಡಿದ್ರು. ನೀ ನನ್ನ ಹೆಸರಿಲೆ ಕಟ್ಟಿದಿ. ನನ್ನ ಒಂದ ಮಾತು ಕೇಳಿದ್ದೇನು?”

“ನೀ ಉಸಿರಾಡಾಕ ಹತ್ತಿದ್ದಿ ಅವ್ವಾ.”

“ಆಕಿ ಹೋಗ್ತಾಳಂತ ಗೊತ್ತಿದ್ದ ಉಸಿರಾಡೀನಿ. ಬೀಗರ ಮನ್ಯಾಗ ಉಂಡಂಗ. ಹಂಗಂತ ಬೀಗರ ಒಲಿ ಕಿತ್ತುಕೊಂಡು ಬರ್ತಾರೇನಲೇ? ಕೊಡಿಲ್ಲಿ ಸೂಜಿ.”

ಶನಿವಾರ ಇಡೀ ದಿನ, ಭಾನುವಾರ ಇಡೀ ದಿನ ಇಬ್ಬರೂ ಹೊಲಿದೆವು. ಅವ್ವ ಉಸಿರು ಸಿಕ್ಕಾಗ ಹೊಲಿದಳು, ಸಿಗದಾಗ ಸೂಜಿ ಹಿಡಿದುಕೊಂಡು ಕಾದಳು. ಸೂಜಿ ಹಾಕಿದ ಒಂದು ಟಾಕಿಯನ್ನೂ ಬಿಚ್ಚಲು ಬಿಡಲಿಲ್ಲ.

ಸೋಮವಾರ ಒಂಬತ್ತರ ಬಸ್ಸು. ಫಕೀರವ್ವ ಬಾಗಿಲ ಮೇಲಿನ ಪಟ್ಟಿ ಒಂದು ಸಲ ಓದಿದಳು, ಗಂಟು ಎಣಿಸಿದಳು, ಹೊರಗೆ ಬಂದಳು. ಅವಳ ಬೆನ್ನಿಗೇ ಚಳಿ ಹೊಸ್ತಿಲು ದಾಟಿತು. ಓಣಿಯುದ್ದಕ್ಕೂ ಎರಡೂ ಬದಿ ನಿಂತಿದ್ದ ಜನ ಒಬ್ಬೊಬ್ಬರಾಗಿ ನಡುಗಿದರು. ಒಳಗೆ ಗೋಡೆಯ ಹರಳು ಕಳಚಿ ಬೀಳುವ ಸದ್ದು. ಹಾಲಿನವರು ಕ್ಯಾನು ಹೊತ್ತು ಓಡಿದರು. ಡಾಕ್ಟರು ಬರ್ಫದ ಪುಡಿಯನ್ನು ಬೊಗಸೆ ಬೊಗಸೆಯಾಗಿ ಮದ್ದಿನ ಪೆಟ್ಟಿಗೆಗೆ ತುಂಬಿಕೊಂಡು ಫಕೀರವ್ವನ ಕಡೆಗೆ ಕೈ ಮುಗಿದರು. ಅಡಿವೆಪ್ಪ, ನಾಲ್ಕು ಜನ ನೋಡುತ್ತಿದ್ದಾರೆ ಅಂತ, ಚೆಂಡುಹೂವಿನ ಹಾರ ಹಾಕಿದ. ಹಾರ ಅವಳ ಕೊರಳಿಗೆ ಬಿದ್ದದ್ದೇ ಗಟ್ಟಿಯಾಗಿ ಟಪ್ಪನೆ ಎರಡು ತುಂಡಾಯಿತು. “ಇರ್ಲಿ ಬಿಡ್ರಿ, ಮನಸು ಹಾಕೈತಲ್ಲ” ಅಂದಳು. ಅವನಿಗೆ ಚುಚ್ಚಲೆಂದೇ ಅಂದಳೋ, ನಿಜವಾಗಿ ಅಂದಳೋ, ಇಂದಿಗೂ ನನಗೆ ಗೊತ್ತಾಗಿಲ್ಲ.

ನಾನು ಕೋಟು ತೊಡಿಸಿದೆ. ಆ ಬೆಂಕಿ ಬಿಸಿಲಲ್ಲಿ, ತಾಡಪಾಲಿನ ಕೋಟು ತೊಟ್ಟು ರೊಟ್ಟಿ ಗಂಟು ಹೊತ್ತ ಆ ಕಪ್ಪು, ಕುಳ್ಳ ಹೆಂಗಸು ಬಸ್ಸಿನ ಮೆಟ್ಟಿಲು ಹತ್ತಿದ್ದನ್ನು ನೀವು ನೋಡಬೇಕಿತ್ತು. ಕೈಗವಸು ಹಾಕಿಕೊಂಡೇ ಟಿಕೆಟ್ ಹಿಡಿದಳು, ಹಿಡಿದು ಮಡಿಚಿದಳು, ಕಿಸೆಯ ಗುಂಡಿ ಹಾಕಿದಳು. ಕಂಡಕ್ಟರು ಟವೆಲ್ಲನ್ನು ಕಿವಿಗೆ ಸುತ್ತಿಕೊಂಡ. ಬಸ್ಸಿನ ಗಾಜುಗಳೆಲ್ಲ ಒಂದೊಂದಾಗಿ ಬೆಳ್ಳಗಾದವು. ರಸ್ತೆಯ ಮೇಲೆ ಬಿಸಿಲು ನೀರಿನ ಹಾಗೆ ಕುಣಿಯುತ್ತಿತ್ತು. ಅದರೊಳಗೆ ಆ ಬಿಳಿ ಗಾಜಿನ ಬಸ್ಸು ತಿರುವಿನ ತನಕ ಕಾಣುತ್ತಿತ್ತು.

ಆಮೇಲೆ ಬೇಸಿಗೆ ನಮ್ಮನ್ನು ಹುರಿಯಿತು. ಹಾಲು ಒಡೆಯಿತು, ಮಲ್ಲಿಗೆ ಬಾಡಿತು. ಡಾಕ್ಟರು ಐಸ್ ಫ್ಯಾಕ್ಟರಿಯವರ ಜೊತೆ ಜಗಳಾಡಿ ಮದ್ದಿಗೊಂದು ಮೂಲೆ ಗಿಟ್ಟಿಸಿಕೊಂಡರು, ಮೊದಲೇ ಮಾಡಬಹುದಾಗಿದ್ದ ಕೆಲಸ. ನಮ್ಮವ್ವ ಮತ್ತೆ ರಾತ್ರಿಯೆಲ್ಲ ಕೂತಿರತೊಡಗಿದಳು. ಒಂದು ದಿನವೂ ಫಕೀರವ್ವ ಹೋಗಬಾರದಿತ್ತು ಅನ್ನಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಕಾಗದ ಬಂತು. ಅವಳೇ ಬರೆದದ್ದು, ದಪ್ಪ ದಪ್ಪ ಅಕ್ಷರ.

“ದಾವಲ, ಮುಟ್ಟೀನಿ. ಬರ್ಫದ ಮ್ಯಾಲ ನಿಂತೆ. ಕರಗಲಿಲ್ಲ. ನಾ ಒಂದು ತಾಸು ಸುಮ್ನ ನಿಂತೆ, ಅದೂ ಸುಮ್ನ ಇತ್ತು. ಬಂದೂಕಿನ ಹುಡುಗ, ಹೋಗೋಣು ಬಾ ಅಂತ ಕೈ ಸನ್ನಿ ಮಾಡಿದ, ಇನ್ನೊಂದು ತಾಸು ಅಂತ ನಾ ಸನ್ನಿ ಮಾಡಿದೆ. ನಿನ್ನ ಕೋಟಿನ ಬಗಲು ಮೂರು ಸಾಲು ತೂತಿನ್ಯಾಗ ಬಿಟ್ಟಿತು, ಚಳಿ ಈಟಿ ಹಂಗ ಹೊಕ್ಕಿತು. ನಾನ ಹೊಲಕೊಂಡೀನಿ. ಉಳಿದದ್ದು ಗಟ್ಟಿ ಐತಿ. ಮಾಬವ್ವ ಹಾಕಿದ ಟಾಕಿ ಒಂದೂ ಬಿಟ್ಟಿಲ್ಲ ಅಂತ ಹೇಳು. ವಾಪಸ್ ಬರೂ ಪಟ್ಟಿ ಇಲ್ಲಿ ಬಾಗಿಲಿಗೆ ಬರದೀನಿ, ಬರೇ ಊರ ಹೆಸರು, ದಿನಾ ಇನ್ನೂ ಬರದಿಲ್ಲ. ಅಷ್ಟಕ್ಕ ಕೋಣ್ಯಾಗ ನಮ್ಮ ಬ್ಯಾಸಗಿ ಬಂದೈತಿ. ಇಲ್ಲಿ ಮಂದಿ ಒದ್ದಿ ಬೂಟು, ಕೈಗವಸು ತಂದು ಸಾಲಾಗಿ ಒಣ ಹಾಕತಾರ. ಒಬ್ಬಾಕಿ ಕೂಸಿನ ಅರವಿ ತರ್ತಾಳ. ಯಾವಾಗ ಹೋಗ್ತಿ ಅಂತ ಕೇಳ್ತಾರ, ಕೇಳಿ ಅಡಿವೆಪ್ಪನ ಮಾರಿ ಮಾಡ್ತಾರ. ನನ್ನ ದಿನಾ ನಾ ಬರೀತೀನಿ. ನೀ ಹೇಳು. ಎಲ್ಲಿಗೆ?”

ಅವ್ವನಿಗೆ ಓದಿ ಹೇಳಿದೆ. ಟಾಕಿಯ ಮಾತಿಗೆ ಅವಳು ಎರಡು ಸಲ ಓದಿಸಿದಳು. ಆಮೇಲೆ ನಾನು ಕೇಳಿದೆ, ನನ್ನ ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಕೇಳಿದೆ: “ಅವ್ವಾ, ನೀ ಎಲ್ಲೆರ ಚಲೋ ಉಸಿರಾಡಿದ್ದು ನೆನಪೈತೇನು? ಫಕೀರವ್ವನ ಪಡಸಾಲಿ ಬಿಟ್ಟು?”

ಲಗ್ನವಾದ ವರ್ಷ ಅಪ್ಪನ ಜೊತೆ ಬಿಲ್ಲು ಹೊತ್ತುಕೊಂಡು ಒಂದು ಗುಡ್ಡದ ಮೇಲಿನ ಊರಿಗೆ ಹೋಗಿದ್ದಳಂತೆ. ಒಂದು ದರ್ಗಾ, ಅದರ ಸುತ್ತ ಮೂವತ್ತು ಮನೆ. ಎರಡು ತಿಂಗಳು ಅಲ್ಲಿ ಗಾದಿ ಹೊಲಿದಿದ್ದರು. “ಪಡಸಾಲಿ ತುಂಬ ಅರಳಿ ಹಾರ್ತಿತ್ತು. ಒಂದ ಸಲ ಕೆಮ್ಮಲಿಲ್ಲ ನಾ” ಅಂದಳು.

ಊರಿನ ಹೆಸರು ಬಾಗಿಲಿಗೆ ಬರೆದೆ. ಏನೂ ಬರಲಿಲ್ಲ. ನಾನು ಬಾಗಿಲಿಗೆ ಒದೆಯಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಕೇಳಿದೆ, ಗುಡ್ಡದ ಬುಡದ ತನಕ ಬಸ್ಸು, ಮೇಲಕ್ಕೆ ಜೀಪು. ಬರೆದೆ. ಮಳೆಗಾಲ ಮುಗಿಯುತ್ತಾ ಬಂದಾಗ ದರ್ಗಾದವರಿಗೆ ಕಾಗದ ಹಾಕಿದೆ, ಇಂಥವರ ಮಗ, ಗಾದಿ ಕೆಲಸ ಬಲ್ಲೆ, ಉಣ್ಣೆಯನ್ನೂ ಹಿಂಜಬಲ್ಲೆ, ತಾಯಿಗೆ ಗಾಳಿಯಿರುವ ಒಂದು ಕೋಣೆ ಬೇಕು ಅಂತ. ಹತ್ತೊಂಬತ್ತು ದಿನಕ್ಕೆ ಉತ್ತರ ಬಂತು, ಕೋಣೆ ಇದೆ, ಮುಸಾಫಿರಖಾನೆಯ ಇಪ್ಪತ್ತೆರಡು ಗಾದಿ ಬಿಚ್ಚಿ ಹೊಲಿಯುವುದಿದೆ, ಮಳೆ ಬಿಟ್ಟಿದೆ, ಬನ್ನಿ. ಬರೆದೆ. ಅಪ್ಪನ ಬಿಲ್ಲನ್ನು ಯಾವ ಬಟ್ಟೆಯಲ್ಲಿ ಸುತ್ತೋದು, ಅವ್ವನನ್ನು ಜೀಪಿನಲ್ಲಿ ಎಲ್ಲಿ ಕೂರಿಸೋದು, ಎಷ್ಟು ಖಡಕ್ ರೊಟ್ಟಿ, ಅದೂ ಬರೆದೆ. ಈ ಮಂಗಳವಾರ ಮುಂಜಾನೆ ಕೊನೆಯ ಸಾಲು ಬರೆದೆ: ಗುರುವಾರ, ಏಳರ ಬಸ್ಸು. ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಿದ್ದೆ. ಒಳಗೆ ಅವ್ವ ಕೆಮ್ಮುತ್ತಿದ್ದಳು. ಕೆಮ್ಮು ಅರ್ಧಕ್ಕೆ ನಿಂತಿತು.

“ದಾವಲಾ” ಅಂದಳು. “ಬಾಗಿಲಾ ಮುಚ್ಚಬ್ಯಾಡ.”

ನಮ್ಮೂರಲ್ಲಿ ಸುದ್ದಿ ಎಷ್ಟು ಹೊತ್ತು ತಡೆಯುತ್ತದೆ? ಇವತ್ತು ಮಧ್ಯಾಹ್ನ ಅಡಿವೆಪ್ಪ ಬಂದ. ಕೈಯಲ್ಲಿ ಹಾಲಿನ ಕ್ಯಾನು, ಮೇಲೆ ಟವೆಲ್ಲು ಮುಚ್ಚಿದ್ದ.

“ತಂಪು ಬಂದೈತಂತಲ್ಲೋ” ಅಂದ. “ಎಷ್ಟು ದಿನಾ ಇರ್ತೈತಿ?”

“ನಾಳೆ ಮುಂಜಾನಿ ಏಳಕ್ಕ ಹೋಗ್ತೈತಿ.”

“ಒಂದ ವಾರ ಮುಂದ ಹಾಕಾಕ ಬರೂದಿಲ್ಲೇನು? ನಮ್ಮ ಸೊಸೀದು ಸೀಮಂತ ಐತೋ ತಮ್ಮಾ.”

ನನ್ನ ಬಾಯಲ್ಲಿ ಬಹಳ ಮಾತು ಬಂದಿತ್ತು. ಆ ಕಲ್ಲಿನ ಮೇಲೆ ಕೆತ್ತಿದ್ದರಿಂದ ಹಿಡಿದು ಎಲ್ಲಾ ಬಂದಿತ್ತು. ಅಷ್ಟರಲ್ಲಿ ಒಳಗಿಂದ ಅವ್ವ, ಒಂದೇ ಉಸಿರಿನಲ್ಲಿ, ನಡುವೆ ಎಲ್ಲೂ ನಿಲ್ಲದೆ ಅಂದಳು: “ಒಳಗ ಇಡ್ರಿ ಅಣ್ಣಾರ, ಸಂಜಿ ಮುಂದ ಬಂದು ಒಯ್ರಿ, ನಾಳೆ ನಾವು ಇರೂದಿಲ್ಲ.”

ಅಡಿವೆಪ್ಪ ಕ್ಯಾನನ್ನು ಗೋಡೆಗೆ ಒತ್ತಿ ಇಟ್ಟ. ಹೋಗಲು ತಿರುಗಿದವನು ಹೊಸ್ತಿಲ ಮೇಲೆ ನಿಂತ. ಮೊದಲೆಲ್ಲ ನಿಲ್ಲುತ್ತಿದ್ದ ಹಾಗೆಯೇ ಗಾಳಿಗೆ ಅಂಗೈ ಒಡ್ಡಿದ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. ನಗಲಿಲ್ಲ.

“ಬಂದೈತಲೋ ದಾವಲಾ” ಅಂದ.